ಒಂದು ಒತ್ತು, ಮೂರು ಪೆಟ್ಟು

ಮದ್ದಳೆಯನ್ನು ಒಮ್ಮೆ ತಟ್ಟಿದರೆ ಒಂದೇ ಪೆಟ್ಟು ಕೇಳುವುದು ಲೋಕರೂಢಿ. ಆದರೆ ಮನೆಯಲ್ಲಿಯೇ ಕೈಯಾರೆ ಕಟ್ಟಿದ ವಿದ್ಯುನ್ಮಾನ ಸಂಗೀತದ ಪೆಟ್ಟಿಗೆಯ ಗುಂಡಿಯನ್ನು ಒಮ್ಮೆ ಒತ್ತಿದಾಗ ಕೆಲವೊಮ್ಮೆ ಮೂರು ಪೆಟ್ಟುಗಳು ಉದುರುತ್ತವೆ. ತಾಳ ತಪ್ಪುತ್ತದೆ, ನುಡಿಸುವವನ ಮುಖ ಸಣ್ಣದಾಗುತ್ತದೆ. ಅಪರಾಧಿ ಮಾತ್ರ ಗುಂಡಿಯೊಳಗೆ ಅಡಗಿ ಕುಳಿತ ಲೋಹದ ತಗಡು!

ಈ ಪೆಟ್ಟಿಗೆಗೆ ‘ಮಿಡಿ ಕಂಟ್ರೋಲರ್’ ಎಂದು ಹೆಸರು. ಇದಕ್ಕೆ ಸ್ವಂತ ಕಂಠವಿಲ್ಲ. ಗುಂಡಿ ಒತ್ತಿದೊಡನೆ ‘ಇಂಥ ಸ್ವರ, ಇಷ್ಟು ಬಲ’ ಎಂಬ ಸಂದೇಶವನ್ನು ಕಂಪ್ಯೂಟರಿಗೋ ಸಿಂಥಸೈಜರಿಗೋ ಮುಟ್ಟಿಸುವುದಷ್ಟೇ ಇದರ ಉದ್ಯೋಗ. 1983ರಲ್ಲಿ ಅಮೆರಿಕದ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಮತ್ತು ಜಪಾನಿನ ರೋಲೆಂಡ್ ಕಂಪನಿಗಳ ವಾದ್ಯಗಳೆರಡನ್ನು ತಂತಿಯಿಂದ ಜೋಡಿಸಿ ಈ ಮಿಡಿ ಭಾಷೆಯನ್ನು ಲೋಕಕ್ಕೆ ತೋರಿಸಲಾಯಿತು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೊ ಎಂಬ ಪುಟ್ಟ ಫಲಕ ಹುಟ್ಟಿದ ಮೇಲೆ ಹವ್ಯಾಸಿಗಳ ಮೇಜಿನ ಮೇಲೂ ಇಂಥ ಪೆಟ್ಟಿಗೆಗಳು ಸಿದ್ಧವಾಗತೊಡಗಿದವು.

ಕೊಳ್ಳುವವನು ಮೊದಲು ನೋಡಬೇಕಾದದ್ದು ಗುಂಡಿಯ ಸ್ವಭಾವ. ಕರೆಗಂಟೆಯ ಗುಂಡಿ ಬೆರಳು ತೆಗೆದೊಡನೆ ಸಂಪರ್ಕ ಬಿಡುತ್ತದೆ. ಕೆಲವು ಮೇಜುದೀಪಗಳ ಗುಂಡಿ ಮತ್ತೊಮ್ಮೆ ಒತ್ತುವವರೆಗೂ ಹಿಡಿದೇ ಇರುತ್ತದೆ. ಸ್ವರ ನುಡಿಸಲು ಮೊದಲನೆಯ ಜಾತಿಯೇ ಬೇಕು.

ಆರು ಮಿಲಿಮೀಟರ್ ಚೌಕದ ಚಿಕ್ಕ ಗುಂಡಿ ಎಲ್ಲಕ್ಕಿಂತ ಅಗ್ಗ. ‘ಟಿಕ್’ ಎಂದು ಸದ್ದು ಮಾಡುವ ಅದು ಆರಂಭ, ನಿಲುಗಡೆಗಳಿಗೆ ಸಾಕು. ಗಂಟೆಗಟ್ಟಲೆ ಬಾರಿಸಿದರೆ ಬೆರಳು ನೋಯುತ್ತದೆ. ಹುಡುಗರು ನಾಣ್ಯ ಹಾಕಿ ಆಡುವ ಆಟದ ಯಂತ್ರಗಳಿಗೆಂದು ಜಪಾನಿನ ಸಾನ್ವಾ ಕಂಪನಿ ಮಾಡುವ 24 ಮತ್ತು 30 ಮಿಲಿಮೀಟರ್ ಗುಂಡಿಗಳು ಗುದ್ದಿದರೂ ಸಹಿಸುತ್ತವೆ. ಆದರೆ ಪೆಟ್ಟಿಗೆಗೆ ಆಳ ಬೇಕು. ಇವೆರಡರ ನಡುವೆ ಕಂಪ್ಯೂಟರ್ ಕೀಲಿಮಣೆಯ ಸ್ವಿಚ್ಚುಗಳಿವೆ. ಜರ್ಮನಿಯ ಚೆರಿ ಕಂಪನಿಯ ಕೆಂಪು ಬಗೆಯದು ನಾಲ್ಕು ಮಿಲಿಮೀಟರ್ ಇಳಿಯುತ್ತದೆ; ಎರಡರಲ್ಲೇ ಸಂಪರ್ಕ ಕೂಡುತ್ತದೆ. ಅದರ ನೀಲಿ ಸೋದರ ಬೆರಳಿಗೆ ಇಂಪು, ಆದರೆ ಬಾಯಾಳಿ. ಪಕ್ಕದಲ್ಲಿ ಮೈಕು ಇದ್ದರೆ ಅದರ ‘ಕ್ಲಿಕ್’ ಕೂಡ ಧ್ವನಿಮುದ್ರಣದಲ್ಲಿ ಸೇರಿಬಿಡುತ್ತದೆ.

ಇನ್ನು ಮೂರು ಪೆಟ್ಟಿನ ರಹಸ್ಯ. ಲೋಹದ ತುದಿಗಳು ತಾಕಿದಾಗ ನೆಲಕ್ಕೆ ಬಿದ್ದ ಚೆಂಡಿನಂತೆ ಪುಟಿಯುತ್ತವೆ. ಕೆಲವು ಮಿಲಿಸೆಕೆಂಡುಗಳಲ್ಲಿ ಶಾಂತವಾದರೂ ಫಲಕಕ್ಕೆ ಪ್ರತಿಯೊಂದು ಪುಟಿತವೂ ಹೊಸ ಒತ್ತಾಗಿಯೇ ತೋರುತ್ತದೆ. ಬೆಲೆಯ ಗುಂಡಿಯೂ ಇದಕ್ಕೆ ಹೊರತಲ್ಲ. ಸವೆದದ್ದು ಹೆಚ್ಚು ಪುಟಿಯುತ್ತದೆ. ಪುಟಿತ ಅಡಗುವವರೆಗೆ ಕಾಯುವಂತೆ ಫಲಕಕ್ಕೆ ಆಜ್ಞೆ ಬರೆಯಬಹುದು. ಆಗ ಪ್ರತಿ ಸ್ವರವೂ ತುಸು ತಡ. ಮೊದಲ ಸ್ಪರ್ಶಕ್ಕೇ ಸ್ವರ ಕಳುಹಿಸಿ, ಆಮೇಲೆ ಹತ್ತು ಮಿಲಿಸೆಕೆಂಡು ಕಿವಿ ಮುಚ್ಚಿಕೊಳ್ಳುವಂತೆ ಬರೆಯುವುದು ನುಡಿಸುವವನಿಗೆ ಹಿತ.

ಒಂದು ಕೊರತೆ ಮಾತ್ರ ಯಾವ ಆಜ್ಞೆಗೂ ಬಗ್ಗದು. ಮಿಡಿಯಲ್ಲಿ ಪೆಟ್ಟಿನ ಬಲವನ್ನು 127ರವರೆಗಿನ ಅಂಕೆಗಳಲ್ಲಿ ಹೇಳಬಹುದಾದರೂ ಸಾಧಾರಣ ಗುಂಡಿಗೆ ಗೊತ್ತಿರುವುದು ‘ಒತ್ತಿದೆ’, ‘ಬಿಟ್ಟಿದೆ’ ಎಂಬೆರಡೇ ಮಾತು. ಹಾರ್ಮೋನಿಯಮ್ಮಿನ ಮನೆಗಳೂ ಹೀಗೆಯೇ; ಆದರೆ ಅಲ್ಲಿ ತಿದಿಯ ಗಾಳಿ ಆ ಕೊರತೆಯನ್ನು ತುಂಬುತ್ತದೆ. ಮೃದು, ಗಡುಸು ಎರಡೂ ಬೇಕೆನ್ನುವವರು ಗುಂಡಿಯನ್ನೇ ಬಿಟ್ಟು, 1988ರ ಆಕಾಯ್ ಎಂಪಿಸಿ-60 ಯಂತ್ರದ ಹದಿನಾರು ರಬ್ಬರ್ ತಟ್ಟುಮಣೆಗಳಂಥವನ್ನು ಆಶ್ರಯಿಸಬೇಕು.

ಗುಂಡಿಯೇ ಸಾಕೆನ್ನುವವರು ಹದಿನಾರನ್ನು ಒಟ್ಟಿಗೆ ಕೊಳ್ಳುವ ಮೊದಲು ಬಗೆಗೊಂದರಂತೆ ತಂದು, ರಟ್ಟಿನ ಡಬ್ಬಿಗೆ ತೂತು ಕೊರೆದು ಕೂರಿಸಿ, ಒಂದು ಸಂಜೆ ಆದಿತಾಳ ಬಾರಿಸಿ ನೋಡಬಹುದು. ಮನೆಯವರು ಯಾವ ಗುಂಡಿಗೆ ಮೊದಲು ಆಕ್ಷೇಪಿಸುತ್ತಾರೆಂಬುದೂ ಆಗಲೇ ತಿಳಿಯುತ್ತದೆ.