ಅಂಗೈಯ ಮೇಲಿನ ವಿಮಾನ

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ನನಗೆ ಪರಿಚಯದ ಮನೆಯೊಂದಿದೆ. ಈಚೆಗೆ ಅಲ್ಲಿಗೆ ಹೋಗಿದ್ದಾಗ ಆ ಮನೆಯ ಹುಡುಗನು ತಾನು ಜೋಡಿಸಿದ ಪ್ಲಾಸ್ಟಿಕ್ ವಿಮಾನವೊಂದನ್ನು ತಂದು ಕೈಗಿತ್ತನು. ಸ್ಪಿಟ್‌ಫೈರ್ ಯುದ್ಧವಿಮಾನದ ಮಾದರಿ. ಅಂಗೈಯ ಮೇಲೆ ಕೂರುವಷ್ಟು ದೊಡ್ಡದು. ಎರಡು ರೆಕ್ಕೆಗಳ ಮೇಲೂ ಮೂತಿಯ ಎರಡು ಮಗ್ಗುಲಿಗೂ ಗಂಡಭೇರುಂಡವನ್ನು ಬಹಳ ಶ್ರದ್ಧೆಯಿಂದ ಬರೆದಿದ್ದನು. "ಇದು ಮೈಸೂರು ದಳದ ವಿಮಾನ. ಸರಿಯಾಗಿದೆಯೆ?" ಎಂದು ಕೇಳಿದನು. ಕೈಕೆಲಸವೇನೋ ಅಚ್ಚುಕಟ್ಟಾಗಿತ್ತು. ಆದರೆ ಅವನ ಪ್ರಶ್ನೆಗೆ ಹೌದೆನ್ನುವುದೂ ಇಲ್ಲವೆನ್ನುವುದೂ ಒಡನೆಯೇ ಸಾಧ್ಯವಾಗಲಿಲ್ಲ. ಅವನಿಗೆ ಹೇಳಬೇಕಾಗಿದ್ದ ಉತ್ತರವನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲಿಯೂ ಇಂಥ ಹುಡುಗನೋ ಹುಡುಗಿಯೋ ಇರಬಹುದು. ಅಥವಾ ವಿರಾಮದ ವೇಳೆಯಲ್ಲಿ ನೀವೇ ಈ ಕೆಲಸಕ್ಕೆ ಕೈಹಾಕಬಹುದು.

ಮೈಸೂರು ದಳವೆಂಬುದು ಹುಡುಗನ ಕಲ್ಪನೆಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಸೇನೆಗೆ ವಿಮಾನಗಳನ್ನು ಒದಗಿಸಲೆಂದು ಅನೇಕ ದೇಶಗಳಿಂದಲೂ ಸಂಸ್ಥಾನಗಳಿಂದಲೂ ಹಣ ಹೋಯಿತು. ಒಂದು ಸ್ಪಿಟ್‌ಫೈರಿಗೆಂದು ಗೊತ್ತುಮಾಡಿದ್ದ ಕಾಣಿಕೆ ೫,೦೦೦ ಪೌಂಡು. ರೂಪಾಯಿಗೆ ಒಂದೂವರೆ ಷಿಲಿಂಗಿನ ಆಗಿನ ದರದಲ್ಲಿ ಅದು ೬೬,೦೦೦ ರೂಪಾಯಿಗೂ ಮೀರಿದ ಮೊತ್ತ. ವಿಮಾನ ಕಟ್ಟುವ ನಿಜವೆಚ್ಚ ಇದಕ್ಕೂ ಹೆಚ್ಚು. ಮೈಸೂರು ಸಂಸ್ಥಾನವೂ ಹಣ ಕೊಟ್ಟಿತು. ೧೯೪೧ರ ಜೂನ್ ೧೬ರಂದು ಇಂಗ್ಲೆಂಡಿನ ಲೆಕನ್‌ಫೀಲ್ಡ್ ನೆಲೆಯಲ್ಲಿ ರಚಿತವಾದ ೧೨೯ನೆಯ ದಳಕ್ಕೆ ಮೈಸೂರಿನ ಹೆಸರನ್ನಿಟ್ಟರು. ದಳದ ಲಾಂಛನದಲ್ಲಿ ನಮ್ಮ ಗಂಡಭೇರುಂಡವನ್ನೇ ಇರಿಸಿದರು. ಆ ವರ್ಷವೇ ದಳವು ದಕ್ಷಿಣದ ವೆಸ್ಟ್‌ಹ್ಯಾಂಪ್ನೆಟ್ಟಿಗೆ ಬಂದು ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಹಾರಾಡಿತು. ೧೯೪೪ರ ಏಪ್ರಿಲಿನಲ್ಲಿ ಅದಕ್ಕೆ ಸ್ಪಿಟ್‌ಫೈರಿನ ಬದಲು ಮಸ್ಟ್ಯಾಂಗ್ ವಿಮಾನಗಳು ಬಂದವು. ೧೯೪೬ರ ಸೆಪ್ಟೆಂಬರಿನಲ್ಲಿ ಅದರ ಸಂಖ್ಯೆಯೇ ಬದಲಾಗಿ ಮೈಸೂರಿನ ಹೆಸರು ಮರೆಯಾಯಿತು. ಹಣ ನಮ್ಮ ನಾಡಿನದು, ಹೆಸರೂ ನಮ್ಮದು. ಆ ವಿಮಾನಗಳನ್ನು ನಡೆಸಿದವರು ಹೆಚ್ಚಾಗಿ ಎಳೆಯ ಪ್ರಾಯದವರು. ಹೋಗಿ ಹಿಂದಿರುಗದವರೂ ಅವರಲ್ಲಿದ್ದರು. ಹೀಗಿರಲು ಅದರ ಮಾದರಿಯನ್ನು ಮಾಡುವಾಗ "ಸರಿಯಾಗಿದೆಯೆ?" ಎಂಬ ಪ್ರಶ್ನೆ ಮಕ್ಕಳಾಟದ್ದಲ್ಲ.

ಮೊದಲು ಕಿಟ್ಟಿನ ಪೆಟ್ಟಿಗೆಯ ಮೇಲಿರುವ ಸಂಖ್ಯೆಯೊಂದನ್ನು ಗಮನಿಸೋಣ. ಬಹಳ ಬಳಕೆಯಲ್ಲಿರುವ ಪ್ರಮಾಣಗಳಲ್ಲೊಂದು ೧/೭೨. ಎಂದರೆ ನಿಜವಾದ ವಿಮಾನದ ೭೨ ಅಂಗುಲ ಮಾದರಿಯಲ್ಲಿ ಒಂದು ಅಂಗುಲ. ಆರು ಅಡಿಗೆ ೭೨ ಅಂಗುಲವಷ್ಟೆ. ಆದುದರಿಂದ ಆರಡಿಯ ಆಳು ಇಲ್ಲಿ ಒಂದಂಗುಲದವನಾಗುತ್ತಾನೆ. ಲೆಕ್ಕಕ್ಕೆ ಸುಲಭವಾದ ಈ ಪ್ರಮಾಣವು ೧೯೩೦ರ ದಶಕದಲ್ಲಿ ಇಂಗ್ಲೆಂಡಿನ ಮರದ ಮಾದರಿಗಳಿಂದ ಬಳಕೆಗೆ ಬಂದಿತು. ೧೯೩೬ರಲ್ಲಿ ಹೊರಟ ಫ್ರಾಗ್ ಸಂಸ್ಥೆಯ ಪ್ಲಾಸ್ಟಿಕ್ ಕಿಟ್ಟುಗಳೂ, ೧೯೫೩ರ ಏರ್‌ಫಿಕ್ಸ್ ಸಂಸ್ಥೆಯ ಮೊದಲ ಸ್ಪಿಟ್‌ಫೈರೂ ಇದನ್ನೇ ಹಿಡಿದವು. ಸ್ಪಿಟ್‌ಫೈರಿನ ರೆಕ್ಕೆಯ ಹರವು ೩೬ ಅಡಿ ೧೦ ಅಂಗುಲ. ಮಾದರಿಯಲ್ಲಿ ಅದು ಆರಂಗುಲಕ್ಕೆ ಕೊಂಚ ಮಿಕ್ಕು. ಉದ್ದ ಸುಮಾರು ೩೦ ಅಡಿ, ಮಾದರಿಯಲ್ಲಿ ಐದಂಗುಲ.

ಈ ೭೨ ಎಂಬ ಸಂಖ್ಯೆ ನಮಗೆ ಎರಡು ಪಾಠಗಳನ್ನು ಕಲಿಸುತ್ತದೆ. ರೆಕ್ಕೆಯ ಹಿಂದಣ ಅಂಚು ನಿಮ್ಮ ಮಾದರಿಯಲ್ಲಿ ಒಂದು ಮಿಲಿಮೀಟರ್ ದಪ್ಪವಿದೆಯೆನ್ನಿ. ನಿಜದ ಲೆಕ್ಕದಲ್ಲಿ ಅದು ೭೨ ಮಿಲಿಮೀಟರ್, ಸುಮಾರು ಮೂರಂಗುಲದ ಹಲಗೆ! ಅಂಥ ಅಂಚನ್ನು ಒಳಮಗ್ಗುಲಿನಿಂದ ಉಪ್ಪುಕಾಗದದಲ್ಲಿ ಉಜ್ಜಿ ತೆಳುವಾಗಿಸಬೇಕು. ಬಣ್ಣವನ್ನು ದಪ್ಪವಾಗಿ ಬಳಿಯಬಾರದೆನ್ನುವುದೂ ಇದೇ ಕಾರಣಕ್ಕೆ. ಎರಡನೆಯ ಪಾಠ ನೋಟದ ದೂರಕ್ಕೆ ಸೇರಿದ್ದು. ಮಾದರಿಯನ್ನು ಒಂದಡಿ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು ೭೨ ಅಡಿ ದೂರದಿಂದ ನೋಡಿದಂತೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಮಾರುತ ವಿಮಾನವೊಂದನ್ನು ಇರಿಸಿದ್ದಾರೆ. ಬೆಂಗಳೂರಿನಲ್ಲಿಯೇ ರೂಪುಗೊಂಡು ೧೯೬೧ರ ಜೂನ್ ೧೭ರಂದು ಮೊದಲ ಬಾರಿಗೆ ಹಾರಿದ ಬಗೆಯದು ಅದು. ಒಂದು ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಮೊದಲು ಹತ್ತಿರದಿಂದ ನೋಡಿ, ಬಳಿಕ ಸುಮಾರು ಮೂವತ್ತು ಹೆಜ್ಜೆ ಹಿಂದೆ ಸರಿದು ನೋಡಿರಿ. ಮೊಳೆಯ ತಲೆಗಳು ಕಣ್ಮರೆಯಾಗುತ್ತವೆ. ತಗಡುಗಳು ಸೇರುವ ಗೆರೆಗಳು ಮಸುಕಾಗುತ್ತವೆ. ಬಣ್ಣವೂ ತುಸು ತಿಳಿಯಾಗಿ ತೋರುತ್ತದೆ. ಅಷ್ಟು ದೂರದಿಂದ ಕಾಣುವುದನ್ನೆಲ್ಲ ಮಾದರಿಯಲ್ಲಿ ತೋರಿಸಬೇಕು, ಕಾಣದುದನ್ನು ಬಿಡಬಹುದು. ಡಬ್ಬಿಯ ಬಣ್ಣಕ್ಕೆ ಒಂದೆರಡು ತೊಟ್ಟು ಬಿಳಿಯನ್ನು ಬೆರೆಸುವ ವಾಡಿಕೆ ಬಂದಿರುವುದೂ ಹೀಗೆಯೇ.

ಇನ್ನು ಕೆಲಸಕ್ಕೆ ಕೂರುವ ಮೊದಲು ತೀರ್ಮಾನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ನೀವು ಮಾಡಹೊರಟಿರುವುದು ಯಾವ ತಿಂಗಳ ವಿಮಾನ? ಸ್ಪಿಟ್‌ಫೈರ್ ಎಂದರೆ ಸಾಲದು. ಮೈಸೂರು ದಳದ ಸ್ಪಿಟ್‌ಫೈರ್ ಎಂದರೂ ಸಾಲದು. ದಳವು ಹುಟ್ಟಿದ ೧೯೪೧ರ ಜೂನಿನಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಮೇಲ್ಮೈಗೆ ಮಣ್ಣಿನ ಕಂದು ಮತ್ತು ಕಡುಹಸಿರು, ಕೆಳಮೈಗೆ ನಸುಹಸಿರು ಬೆರೆತ ತಿಳಿಬಣ್ಣ. ನೆಲದ ಮೇಲೆ ಕಾದಾಡುವಾಗ ಇದು ಸರಿಯಾಗಿತ್ತು. ಹಾರಾಟವು ಕಡಲಿನ ಮೇಲೆ, ಹೆಚ್ಚಿನ ಎತ್ತರದಲ್ಲಿ ನಡೆಯತೊಡಗಿದಾಗ ಕಂದು ಬಣ್ಣ ಎದ್ದು ಕಾಣತೊಡಗಿತು. ಆದುದರಿಂದ ಅದೇ ಆಗಸ್ಟಿನಲ್ಲಿ ಕಂದಿನ ಬದಲು ಕಡಲಿನ ಬೂದುಬಣ್ಣವೂ, ಕೆಳಗೆ ತಿಳಿ ಬೂದುಬಣ್ಣವೂ ಬರಬೇಕೆಂದು ಆಜ್ಞೆಯಾಯಿತು. ಹೊಸ ಬಣ್ಣ ಸಾಕಷ್ಟು ಒದಗುವವರೆಗೆ ಏಳು ಪಾಲು ತಿಳಿ ಬೂದಿಗೆ ಒಂದು ಪಾಲು ಕಪ್ಪನ್ನು ಬೆರೆಸಿ ಹಚ್ಚಿದ್ದೂ ಉಂಟು. ಮಗ್ಗುಲಿನ ವರ್ತುಲಾಕಾರದ ಗುರುತಿನಲ್ಲಿ ಬಿಳಿ ಮತ್ತು ಹಳದಿಯ ಬಳೆಗಳು ತೆಳುವಾದುದು ೧೯೪೨ರ ಮಧ್ಯಭಾಗದಲ್ಲಿ. ಆ ಗುರುತಿನ ಪಕ್ಕದಲ್ಲಿ ದಳದ ಸಂಕೇತವಾಗಿ ಡಿ.ವಿ. ಎಂಬ ಎರಡು ಇಂಗ್ಲಿಷ್ ಅಕ್ಷರಗಳಿರುತ್ತಿದ್ದವು. ಕನ್ನಡಿಗರಿಗೆ ಡಿ.ವಿ. ಎಂದೊಡನೆ ಗುಂಡಪ್ಪನವರ ನೆನಪಾಗುವುದು ಸಹಜ. ಇಲ್ಲಿ ಮಾತ್ರ ಅದು ದಳದ ಗುರುತು, ಅಷ್ಟೆ. ಹೀಗೆ ತಿಂಗಳನ್ನು ಗೊತ್ತುಮಾಡಿಕೊಂಡರೆ ಬಣ್ಣ, ವರ್ತುಲ, ಅಕ್ಷರ ಎಲ್ಲವೂ ಒಂದಕ್ಕೊಂದು ಹೊಂದಿ ಬರುತ್ತವೆ.

ಈಗ ಜೋಡಣೆಗೆ ಬರೋಣ. ಬಿಡಿಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಇರುತ್ತವೆ. ಅಚ್ಚಿನಿಂದ ಬಿಡಿಸುವುದಕ್ಕೆ ಬಳಸಿದ ಜಿಡ್ಡು ಅವುಗಳ ಮೇಲೆ ಉಳಿದಿದ್ದರೆ ಬಣ್ಣ ಹಿಡಿಯದು. ಆದುದರಿಂದ ಚೌಕಟ್ಟು ಸಹಿತ ಸಾಬೂನಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ನೆರಳಿನಲ್ಲಿ ಆರಿಸಿರಿ. ಭಾಗಗಳನ್ನು ತಿರುಚಿ ಕೀಳಬೇಡಿರಿ. ಚಿಕ್ಕ ಇಕ್ಕಳದಿಂದ ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಿಂದ ಸವರಿರಿ. ಮಕ್ಕಳಾದರೆ ಬ್ಲೇಡಿನ ಕೆಲಸ ಹಿರಿಯರದು. ಅಂಟು ಹಾಕುವ ಮೊದಲು ಒಂದು ಸಲ ಒಣಗಿದ್ದಂತೆಯೇ ಜೋಡಿಸಿ, ರಬ್ಬರ್ ಬಳೆಯಿಂದ ಕಟ್ಟಿ, ಎಲ್ಲಿ ಸಂದು ಬೀಳುವುದೆಂದು ನೋಡಿಕೊಳ್ಳಿರಿ.

ಈ ಕೆಲಸದ ಅಂಟು ನಮ್ಮ ಮನೆಗಳಲ್ಲಿರುವ ಬಿಳಿಯ ಗೋಂದಿನಂತಲ್ಲ. ಮರದ ರಂಧ್ರಗಳಲ್ಲಿ ಇಳಿದು ಹಿಡಿಯುವ ಗೋಂದು ನುಣುಪಾದ ಪ್ಲಾಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿಯದು. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್ ಎಂಬ ವಸ್ತು. ಅದರ ಅಂಟು ಒಂದು ದ್ರಾವಕ. ಅದು ಎರಡೂ ಅಂಚುಗಳನ್ನು ಕರಗಿಸಿ ಒಂದರೊಳಗೊಂದು ಬೆರೆಯುವಂತೆ ಮಾಡಿ ತಾನು ಆವಿಯಾಗಿ ಹೋಗುತ್ತದೆ. ಇದು ಅಂಟಿಸುವುದಕ್ಕಿಂತ ಬೆಸುಗೆಗೆ ಹತ್ತಿರ. ಆದುದರಿಂದಲೇ ಒಂದು ತೊಟ್ಟು ಹೆಚ್ಚಾದರೂ ಮೇಲ್ಮೈ ಕರಗಿ ವಿಕಾರವಾಗುತ್ತದೆ. ಆ ಆವಿ ಮೈಗೆ ಒಳ್ಳೆಯದಲ್ಲವಾಗಿ ಕಿಟಕಿಯನ್ನು ತೆರೆದಿಡಿರಿ. ಚಾಲಕನ ಗೂಡಿನ ಪಾರದರ್ಶಕ ಮುಚ್ಚಳಕ್ಕೆ ಮಾತ್ರ ದ್ರಾವಕ ಬೇಡ, ಅದು ಮಬ್ಬಾದೀತು. ಅಲ್ಲಿಗೆ ಮನೆಯ ಬಿಳಿಯ ಗೋಂದೇ ಸರಿ.

ರೆಕ್ಕೆಗಳನ್ನು ಸೇರಿಸುವ ಮುನ್ನ ಚಾಲಕನ ಗೂಡನ್ನು ಮುಗಿಸಬೇಕು. ಒಡಲು ಮುಚ್ಚಿದ ಮೇಲೆ ಕುಂಚ ಅಲ್ಲಿಗೆ ಹೋಗದು. ಒಳಗೆಲ್ಲ ಬೂದು ಬೆರೆತ ಹಸಿರು. ಎಡಮಗ್ಗುಲಿಗೆ ಕೆಳಕ್ಕೆ ಮಡಿಚುವ ಪುಟ್ಟ ಬಾಗಿಲಿದೆ. ಅದರ ಒಳಮೈಗೆ ಚಿಕ್ಕದೊಂದು ಹಾರೆಯನ್ನು ಸಿಕ್ಕಿಸಿರುತ್ತಿದ್ದರು. ಪೆಟ್ಟುತಿಂದ ವಿಮಾನದ ಮುಚ್ಚಳ ಸಿಕ್ಕಿಕೊಂಡರೆ ಅದನ್ನು ಮೀಟಿ ಹೊರಬರಲು ಚಾಲಕನಿಗಿದ್ದ ಸಾಧನ ಅದು. ಮಾದರಿಯಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿಯನ್ನು ಸೀಳಿದರೆ ದೊರೆಯುವ ಎಳೆಗಿಂತಲೂ ಅದು ಸಣ್ಣದು. ಬಾಗಿಲನ್ನು ತೆರೆದು ತೋರಿಸುವುದಾದರೆ ಅದನ್ನು ಬಿಡಬೇಡಿರಿ.

ಒಡಲು, ರೆಕ್ಕೆಗಳು ಸೇರಿದ ಮೇಲೆ ಸಂದುಗಳಿಗೆ ಪುಟ್ಟಿ ತುಂಬಿ ಒಣಗಿದ ಬಳಿಕ ೪೦೦, ೮೦೦, ೧,೨೦೦ ಸಂಖ್ಯೆಯ ಉಪ್ಪುಕಾಗದಗಳಿಂದ ಕ್ರಮವಾಗಿ ನೀರು ಹಚ್ಚಿ ಉಜ್ಜಿರಿ. ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, ಒಂದು ಲೇಪ ಆರಿದ ಮೇಲೆ ಇನ್ನೊಂದರಂತೆ ಎರಡು ಮೂರು ಲೇಪ ಕೊಡಿರಿ. ಮಾಗಡಿ ರಸ್ತೆಯಂಥ ವಾಹನ ಸಂಚಾರದ ರಸ್ತೆಯ ಬದಿಯ ಮನೆಗಳಲ್ಲಿ ಧೂಳೇ ದೊಡ್ಡ ಶತ್ರು. ಬಣ್ಣ ಹಚ್ಚಿದೊಡನೆ ಮಾದರಿಯ ಮೇಲೆ ಒಂದು ಡಬ್ಬಿಯನ್ನು ಬೋರಲು ಹಾಕಿಬಿಡಿರಿ. ಮಳೆ ಹಿಡಿದ ದಿನಗಳಲ್ಲಿ ವಾರ್ನಿಷ್ ಕೆಲಸವನ್ನು ಮುಂದೂಡುವುದು ಲೇಸು. ಗಾಳಿಯ ತೇವ ಸೇರಿದರೆ ಅದು ಬೆಳ್ಳಗೆ ಮಬ್ಬಾಗುವುದುಂಟು.

ವರ್ತುಲಗಳೂ ಅಕ್ಷರಗಳೂ ಡಿಕಾಲ್ ಎಂಬ ತೆಳುಪೊರೆಯ ಮೇಲೆ ಅಚ್ಚಾಗಿ ಬಂದಿರುತ್ತವೆ. ನೀರಿನಲ್ಲಿ ನೆನೆಸಿದರೆ ಕಾಗದದಿಂದ ಜಾರಿ ಬರುತ್ತವೆ. ಇವನ್ನು ಅಂಟಿಸುವ ಮೊದಲು ಹೊಳಪಿನ ವಾರ್ನಿಷ್ ಹಚ್ಚಬೇಕು. ಅದೇಕೆ? ಹೊಳಪಿಲ್ಲದ ಬಣ್ಣದ ಮೇಲ್ಮೈ ತರಿತರಿಯಾಗಿರುತ್ತದೆ; ಆ ಕುಳಿಗಳಲ್ಲಿ ಗಾಳಿ ಸಿಕ್ಕಿ ಪೊರೆಯ ಅಡಿಯಲ್ಲಿ ಬೆಳ್ಳಿಯಂತೆ ಮಿನುಗುತ್ತದೆ. ನುಣುಪಿನ ಮೇಲೆ ಗಾಳಿಗೆ ಎಡೆಯಿಲ್ಲ. ಡಿಕಾಲ್ ಕುಳಿತ ಮೇಲೆ ಹೊಳಪಿಲ್ಲದ ವಾರ್ನಿಷ್ ಹಚ್ಚಿದರೆ ವಿಮಾನ ನಿಜದಂತೆ ಮಂಕಾಗುತ್ತದೆ.

ಕೊನೆಗೆ ಬಳಕೆಯ ಗುರುತುಗಳು. ಇಲ್ಲಿಯೇ ಅನೇಕರು ಅತಿ ಮಾಡಿಬಿಡುತ್ತಾರೆ. ಪ್ರತಿಯೊಂದು ಕಲೆಗೂ ಕಾರಣವಿರಬೇಕು. ಹೊಗೆಕೊಳವೆಗಳ ಹಿಂದೆ ಮಸಿ, ಚಾಲಕನು ಕಾಲಿಟ್ಟು ಹತ್ತುವ ರೆಕ್ಕೆಯ ಬುಡದಲ್ಲಿ ಸವೆತ, ಹೊಟ್ಟೆಯ ಕೆಳಗೆ ಎಣ್ಣೆಯ ಜಾಡು, ಇಷ್ಟು ಸಹಜ. ಸ್ಪಿಟ್‌ಫೈರಿನ ರೆಕ್ಕೆಯಲ್ಲಿದ್ದ ಬಂದೂಕಿನ ಬಾಯಿಗಳಿಗೆ ಧೂಳು, ಹಿಮ ಸೇರದಂತೆ ಕೆಂಪು ಬಟ್ಟೆಯ ತೇಪೆ ಹಾಕುತ್ತಿದ್ದರು. ಮೊದಲ ಗುಂಡಿಗೇ ಅದು ಹರಿದುಹೋಗುತ್ತಿತ್ತು. ತೇಪೆಗಳು ಇಡಿಯಾಗಿದ್ದರೆ ವಿಮಾನ ಇನ್ನೂ ಹೊರಟಿಲ್ಲ, ಇಲ್ಲವೆ ಗುಂಡು ಹಾರಿಸದೆ ಮರಳಿದೆ. ಹರಿದಿದ್ದರೆ ಕಾದಾಡಿ ಬಂದಿದೆ. ತೇಪೆಯನ್ನು ಇಡಿಯಾಗಿ ತೋರಿಸಿ ಅದರ ಮೇಲೆಯೇ ಮದ್ದಿನ ಹೊಗೆಯನ್ನು ಬಳಿದರೆ ಎರಡು ಮಾತನ್ನು ಒಟ್ಟಿಗೆ ಆಡಿದಂತಾಗುತ್ತದೆ. ನಿಂತ ವಿಮಾನದ ಫ್ಲಾಪುಗಳನ್ನು ಕೆಳಗಿಳಿಸಿ ತೋರಿಸುವುದೂ ಸಾಮಾನ್ಯವಾದ ತಪ್ಪು. ಸ್ಪಿಟ್‌ಫೈರಿನ ಚಾಲಕರು ನೆಲ ಮುಟ್ಟಿದ ಬಳಿಕ ಅವನ್ನು ಮೇಲೆತ್ತಿಬಿಡುತ್ತಿದ್ದರು.

ಇನ್ನು ಗಂಡಭೇರುಂಡದ ಮಾತು. ದಳದ ಲಾಂಛನದಲ್ಲಿ ಅದು ಇದ್ದುದು ನಿಶ್ಚಯ. ಆದರೆ ಲಾಂಛನವಿದ್ದ ಮಾತ್ರಕ್ಕೆ ಅದನ್ನು ಪ್ರತಿಯೊಂದು ವಿಮಾನದ ಮೈಮೇಲೆ ಬರೆದಿದ್ದರೆಂದು ಹೇಳಲಾಗದು. ನೀವು ಆರಿಸಿಕೊಂಡ ವಿಮಾನದ ಛಾಯಾಚಿತ್ರದಲ್ಲಿ ಅದು ಕಂಡರೆ ಕಂಡ ಕಡೆಯಲ್ಲಿ, ಕಂಡಷ್ಟೇ ಗಾತ್ರಕ್ಕೆ ಬರೆಯಿರಿ. ಕಾಣದಿದ್ದರೆ ಬರೆಯಬೇಡಿರಿ. ರೆಕ್ಕೆಯ ಮೇಲೆ ಅಷ್ಟು ದೊಡ್ಡ ಹಕ್ಕಿಯಂತೂ ಸಲ್ಲದು. ಬಣ್ಣದ ಉದ್ದೇಶವೇ ವೈರಿಯ ಕಣ್ಣಿಗೆ ಬೀಳದಿರುವುದಾಗಿತ್ತು. ಹಾಗೆಂದು ನಮ್ಮ ಅಭಿಮಾನಕ್ಕೆ ಎಡೆಯೇ ಇಲ್ಲವೆಂದಲ್ಲ. ಮಾದರಿಯನ್ನು ನಿಲ್ಲಿಸಲು ಒಂದು ಮರದ ಪೀಠ ಮಾಡಿ, ಅದರ ಮೇಲೆ ಗಂಡಭೇರುಂಡವನ್ನು ಎಷ್ಟು ಅಂದವಾಗಿ ಬೇಕಾದರೂ ಬರೆಯಬಹುದು. ಅದರ ಕೆಳಗೆ ದಳದ ಹೆಸರು, ನೆಲೆ, ತಿಂಗಳು, ವರ್ಷ ಇಷ್ಟನ್ನು ಕನ್ನಡದಲ್ಲಿ ಬರೆದರೆ ನೋಡಿದವರಿಗೆ ಕಥೆಯೂ ತಿಳಿಯುತ್ತದೆ.

ಬ್ಯಾಡರಹಳ್ಳಿಯ ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಮೊದಲು ಚಿಕ್ಕದಾಯಿತು. ಬಹಳ ಹೊತ್ತು ವಿಮಾನವನ್ನು ತಿರುಗಿಸಿ ಮುರುಗಿಸಿ ನೋಡಿದನು. ಬಳಿಕ, "ಹಾಗಾದರೆ ಇದನ್ನು ಹೀಗೆಯೇ ಇಡುತ್ತೇನೆ. ಇನ್ನೊಂದನ್ನು ಸರಿಯಾಗಿ ಮಾಡುತ್ತೇನೆ. ಯಾವ ತಿಂಗಳದ್ದು ಮಾಡಲಿ?" ಎಂದು ಕೇಳಿದನು. ಲೆಕನ್‌ಫೀಲ್ಡಿನ ಜುಲೈ ತಿಂಗಳು, ಮಣ್ಣಿನ ಕಂದು, ಬಾಗಿಲು ತೆರೆದದ್ದು ಎಂದು ಇಬ್ಬರೂ ಸೇರಿ ನಿಶ್ಚಯಿಸಿದೆವು. ನೀವೂ ಕಿಟ್ಟಿನ ಪೆಟ್ಟಿಗೆ ತೆರೆಯುವ ಮುನ್ನ ಒಂದು ಕಾಗದದ ಮೇಲೆ ಆ ತಿಂಗಳನ್ನು ಬರೆದುಕೊಂಡು ಕೆಲಸಕ್ಕೆ ಕೂರಿರಿ.