ಮನೆಯ ಮೇಲೆ ಡಿಶ್ ಜೋಡಣೆ: ರೈತರು ಅನುಸರಿಸಬೇಕಾದ ಸುರಕ್ಷತಾ ಕ್ರಮಗಳು

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದ ಮೂಲಕ ಕೃಷಿ ಕಾರ್ಯಕ್ರಮಗಳು ತಲುಪಿದವು. ಅಂದು ಊರಿಗೊಂದರಂತೆ ನಿಲ್ಲಿಸಿದ ತಂತಿ ಜಾಲರಿಯ ಡಿಶ್ ಸುಮಾರು 10 ಅಡಿ ಅಗಲವಿತ್ತು. ಇಂದು ಎರಡಡಿಯ ಡಿಶ್ ಮನೆಮನೆಗೂ ಬಂದಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯದ ಸುತ್ತಮುತ್ತ ಅನೇಕ ರೈತರು ಬಾಡಿಗೆ ಕೊಠಡಿಗಳನ್ನು ಕಟ್ಟಿಸಿದ್ದು, ಒಂದೇ ಸೂರಿನ ಮೇಲೆ ನಾಲ್ಕಾರು ಡಿಶ್‌ಗಳನ್ನು ಕಾಣಬಹುದು. ಕೆಲವನ್ನು ಕೇವಲ ಕಲ್ಲು ಹೇರಿ ನಿಲ್ಲಿಸಿರುತ್ತಾರೆ. ಇದು ಅಪಾಯಕಾರಿ.

ಗಾಳಿಯ ಒತ್ತಡ

ಡಿಶ್ ಹಗುರವೆಂದು ಅಲಕ್ಷಿಸಬಾರದು. ಮೊರವನ್ನು ಗಾಳಿಗೆ ಎದುರಾಗಿ ಹಿಡಿದಾಗ ಕೈಗೆ ಬರುವ ಎಳೆತ ಎಲ್ಲರಿಗೂ ತಿಳಿದದ್ದೇ. ಬೆಂಗಳೂರಿನಲ್ಲಿ ಕಟ್ಟಡ ವಿನ್ಯಾಸಕ್ಕೆ ಗಣಿಸುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 120 ಕಿ.ಮೀ. ಈ ಗಾಳಿಯು ನೇರವಾಗಿ ಬಡಿದರೆ 60 ಸೆಂ.ಮೀ. ಡಿಶ್ ಮೇಲೆ ಸುಮಾರು 25 ಕಿಲೋ, 90 ಸೆಂ.ಮೀ. ಡಿಶ್ ಮೇಲೆ ಸುಮಾರು 55 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಆದ್ದರಿಂದ ಡಿಶ್ಶನ್ನು ಅದರ ತೂಕಕ್ಕಲ್ಲ, ಗಾಳಿಗೆ ತಕ್ಕಂತೆ ಬಿಗಿಯಬೇಕು.

ಸ್ಥಳದ ಆಯ್ಕೆ

ಚಂದನ ವಾಹಿನಿಯನ್ನು ಉಚಿತವಾಗಿ ನೀಡುವ ಡಿಡಿ ಫ್ರೀ ಡಿಶ್ ಸೇವೆಯ ಉಪಗ್ರಹವು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಬೆಂಗಳೂರಿನಿಂದ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 66 ಡಿಗ್ರಿ ಮೇಲಿರುತ್ತದೆ. ಆ ದಿಕ್ಕಿಗೆ ತೆಂಗಿನ ಗರಿ, ನೀರಿನ ಟ್ಯಾಂಕು ಅಡ್ಡವಿರಬಾರದು. ಇತರ ಸೇವೆಗಳಿಗೆ ದಿಕ್ಕು ಬೇರೆಯಾಗಬಹುದು.

ಎಲ್ಲಕ್ಕಿಂತ ಮುಖ್ಯವಾದುದು ವಿದ್ಯುತ್ ತಂತಿ. ಕಂಬ ಯಾವ ಕಡೆಗೆ ಬಿದ್ದರೂ ತಂತಿಯ ಹತ್ತಿರಕ್ಕೂ ಹೋಗದಷ್ಟು ಅಂತರವಿರಬೇಕು. 11 ಕೆ.ವಿ. ತಂತಿಯನ್ನು ಮುಟ್ಟದೆ, ಸಮೀಪಿಸಿದರೂ ಪ್ರಾಣಾಪಾಯವುಂಟು. ತಂತಿ ಸೂರಿನ ಮೇಲೆಯೇ ಹಾದುಹೋಗಿದ್ದರೆ ಕೆಲಸ ಆರಂಭಿಸದೆ ಬೆಸ್ಕಾಂ ಸಿಬ್ಬಂದಿಗೆ ತಿಳಿಸತಕ್ಕದ್ದು.

ಜೋಡಿಸುವ ವಿಧಾನ

1. ಆರ್.ಸಿ.ಸಿ. ತಾರಸಿ: ಕಾಂಕ್ರೀಟಿಗೆ ಆಂಕರ್ ಬೋಲ್ಟುಗಳಿಂದ ಪೀಠವನ್ನು ಬಿಗಿಯಬೇಕು. ರಂಧ್ರವು ಅಂಚಿನಿಂದ ಕನಿಷ್ಠ 3 ಅಂಗುಲ ಒಳಗಿರಲಿ. ಕೊರೆಯುವ ಮೊದಲು ಒಳಗೆ ವಿದ್ಯುತ್ ಪೈಪು ಹಾದಿದೆಯೇ ಎಂದು ವಿಚಾರಿಸಿರಿ. ಬೋಲ್ಟಿನ ಸುತ್ತ ನೀರು ಇಳಿಯದಂತೆ ಮುಚ್ಚದಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.

2. ಶೀಟು ಅಥವಾ ಹೆಂಚಿನ ಸೂರು: ಇವುಗಳಿಗೆ ಡಿಶ್ ಜೋಡಿಸಲೇಬಾರದು. ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟವರು ಅದು ಒಡೆದು ಕೆಳಗೆ ಬೀಳುವ ಸಂಭವವಿದೆ. ಕಲ್ನಾರಿನ ಶೀಟನ್ನು ಕೊರೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕ. ಬದಲಾಗಿ ಗಟ್ಟಿ ಗೋಡೆಗೆ ಬ್ರಾಕೆಟ್ ಹಾಕಬಹುದು. ಟೊಳ್ಳು ಸಿಮೆಂಟ್ ಇಟ್ಟಿಗೆಯ ಗೋಡೆ ಬೋಲ್ಟನ್ನು ಹಿಡಿಯುವುದಿಲ್ಲ. ಅಂತಹ ಕಡೆ ಅಂಗಳದಲ್ಲಿ ಎರಡಡಿ ಗುಂಡಿ ತೆಗೆದು, ಕಬ್ಬಿಣದ ಪೈಪನ್ನು ಕಾಂಕ್ರೀಟಿನಲ್ಲಿ ನೆಟ್ಟು, ಗಟ್ಟಿಯಾದ ನಂತರ ಡಿಶ್ ಕಟ್ಟುವುದು ಮೇಲು.

3. ಪೈಪು ರಸಮಟ್ಟಕ್ಕೆ ನೇರವಾಗಿರಬೇಕು. ಗಿಡ್ಡ ಪೈಪು ಉತ್ತಮ. ಉದ್ದ ಹೆಚ್ಚಿದಷ್ಟೂ ಬುಡಕ್ಕೆ ಬೀಳುವ ಎಳೆತ ಹೆಚ್ಚು.

ಏರುವಾಗ ಎಚ್ಚರಿಕೆ

ಒಬ್ಬರೇ ಹತ್ತಬಾರದು. ಮಳೆ, ಗಾಳಿ, ಕತ್ತಲೆಯಲ್ಲಿ ಕೆಲಸ ಬೇಡ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಏಣಿಯ ಬುಡ ಗೋಡೆಯಿಂದ ದೂರವಿರಲಿ. ಪ್ಯಾರಾಪೆಟ್ ಗೋಡೆಯ ಮೇಲೆ ನಿಂತು ಡಿಶ್ ತಿರುಗಿಸಕೂಡದು. ಡಿಶ್ ಕೈಜಾರಿದರೆ ಹಿಡಿಯಲು ಹೋಗದೆ ಬಿಟ್ಟುಬಿಡಿ.

ಸಿಡಿಲು ಮತ್ತು ನಿರ್ವಹಣೆ

ಏಪ್ರಿಲ್–ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ ಗುಡುಗು ಸಿಡಿಲು ಹೆಚ್ಚು. ಪೈಪನ್ನು ನುರಿತ ಎಲೆಕ್ಟ್ರಿಷಿಯನ್‌ನಿಂದ ಮನೆಯ ಅರ್ಥಿಂಗಿಗೆ ಸೇರಿಸಿರಿ. ಮೋಡ ಕವಿಯುವ ಮುನ್ನವೇ ಪ್ಲಗ್ಗು ಮತ್ತು ಕೇಬಲ್ ಕಳಚಿಡಿ. ಗುಡುಗು ಆರಂಭವಾದ ಮೇಲೆ ಅವನ್ನು ಮುಟ್ಟಬೇಡಿ. ಯುಗಾದಿಯ ಹೊತ್ತಿಗೆ ವರ್ಷಕ್ಕೊಮ್ಮೆ ನಟ್ಟುಗಳನ್ನು ಬಿಗಿದು, ತುಕ್ಕು ಹಿಡಿದವನ್ನು ಬದಲಿಸಿ. ಬಿಟ್ಟುಹೋದ ಬಾಡಿಗೆದಾರರ ಹಳೆಯ ಡಿಶ್‌ಗಳನ್ನು ಇಳಿಸಿಬಿಡಿ. ಯಾರೂ ನೋಡಿಕೊಳ್ಳದ ಡಿಶ್ಶೇ ಬಿರುಗಾಳಿಗೆ ಮೊದಲು ಹಾರುವುದು.

ಈ ಕ್ರಮಗಳಿಗೆ ತಗಲುವ ಖರ್ಚು ಅಲ್ಪ. ಅಂಗಳದಲ್ಲಿ ಆಡುವ ಮಕ್ಕಳ, ಕಟ್ಟಿದ ದನಕರುಗಳ ಕ್ಷೇಮವನ್ನು ಗಮನದಲ್ಲಿಟ್ಟು ರೈತ ಬಾಂಧವರು ಮಳೆಗಾಲಕ್ಕೆ ಮುಂಚೆ ತಮ್ಮ ಸೂರನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಅವಶ್ಯ.