ಮಗುವಿನ ಜ್ವರ ಐದು ದಿನ ಆದರೂ ಬಿಡಲಿಲ್ಲವೇ?



ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಗುವಿಗೆ ಜ್ವರ ಬಂದು ಮೈ ಕೆಂಪಗೆ ಎದ್ದರೆ 'ಅಮ್ಮ ಆಗಿದೆ' ಎಂದು ಬೇವಿನ ಸೊಪ್ಪು ಹಾಸಿ ಮಲಗಿಸುತ್ತೇವೆ. ಹೆಚ್ಚಾಗಿ ಅದು ದಡಾರವೋ ಬೇರೆ ಸಣ್ಣ ಜ್ವರವೋ ಆಗಿರುತ್ತದೆ. ಅಪರೂಪಕ್ಕೊಮ್ಮೆ ಕವಾಸಾಕಿ ಎಂಬ ಕಾಯಿಲೆ ಆಗಿರಬಹುದು. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ ಇದನ್ನು ಮೊದಲು ಕಂಡದ್ದು 1961ರಲ್ಲಿ. ಹೆಚ್ಚಾಗಿ 5 ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಕಾರಣ ಇಂದಿಗೂ ಪೂರ್ತಿ ಗೊತ್ತಾಗಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತಾಯಿಯ ತಪ್ಪಿನಿಂದಲೂ ಬರುವುದಲ್ಲ. ಅತ್ತೆಯವರೂ ಇದನ್ನು ತಿಳಿದಿರಲಿ!

ಜ್ವರ ಜೋರಾಗಿ 5 ದಿನ ಅಥವಾ ಅದಕ್ಕಿಂತ ಹೆಚ್ಚು ಇರುತ್ತದೆ, ಮಾತ್ರೆಗೂ ಬಗ್ಗುವುದಿಲ್ಲ. ಕಣ್ಣು ಕೆಂಪಾಗುತ್ತದೆ, ಆದರೆ ಪಿಸುರು ಬರುವುದಿಲ್ಲ. ತುಟಿ ಒಣಗಿ ಸೀಳುತ್ತದೆ, ನಾಲಿಗೆ ಕೆಂಪಗೆ ತರಿತರಿ ಆಗುತ್ತದೆ. ಮೈಮೇಲೆ ಕೆಂಪು ದದ್ದು, ಕೈಕಾಲು ಊತ, ಕತ್ತಿನ ಒಂದು ಕಡೆ ಗಂಟು. ಕೂಸುಗಳಲ್ಲಿ ಬಿ.ಸಿ.ಜಿ. ಚುಚ್ಚಿದ ಜಾಗ ಮತ್ತೆ ಕೆಂಪಾಗುವುದುಂಟು. ಇವೆಲ್ಲ ಒಟ್ಟಿಗೇ ಕಾಣಿಸುವುದಿಲ್ಲ. ಸೋಮವಾರದ ದದ್ದು ಗುರುವಾರ ಡಾಕ್ಟರ ಮುಂದೆ ಇರಲಿಕ್ಕಿಲ್ಲ. ಅದಕ್ಕೇ ಸಂಘದ ಪುಸ್ತಕದಲ್ಲಿ ಕಂತು ಬರೆಯುವ ಹಾಗೆ ಯಾವ ದಿನ ಏನು ಕಂಡಿತು ಬರೆದಿಟ್ಟು, ಹೋದಾಗ ಎಲ್ಲವನ್ನೂ ಹೇಳಿ.

ಮೋಸ ಇರುವುದು ಮುಂದೆ. ಚಿಕಿತ್ಸೆ ಇಲ್ಲದಿದ್ದರೂ ಕೆಲವು ದಿನಗಳಲ್ಲಿ ಜ್ವರ ತಾನಾಗಿ ಇಳಿಯುತ್ತದೆ, ಬೆರಳ ತುದಿಯ ಚರ್ಮ ಸುಲಿಯುತ್ತದೆ, ಮಗು ಆಡತೊಡಗುತ್ತದೆ. 'ವಾಸಿ ಆಯ್ತು' ಅಂದುಕೊಳ್ಳುತ್ತೇವೆ. ಆದರೆ ಇದು ರಕ್ತನಾಳಗಳ ಉರಿಯೂತ. ಹೃದಯಕ್ಕೇ ರಕ್ತ ಕೊಡುವ ನಾಳಗಳು ಹಳೇ ಸೈಕಲ್ ಟ್ಯೂಬಿನಂತೆ ಅಲ್ಲಲ್ಲಿ ಉಬ್ಬಿ, ಒಳಗೆ ರಕ್ತ ಹೆಪ್ಪುಗಟ್ಟಬಹುದು. ಚಿಕಿತ್ಸೆ ಸಿಗದ ನಾಲ್ಕೈದು ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ.

ಜ್ವರ ಶುರುವಾದ 10 ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ಡ್ರಿಪ್ ಮೂಲಕ ಕೊಟ್ಟರೆ ಈ ಅಪಾಯ ಬಹಳ ಕಡಿಮೆ ಆಗುತ್ತದೆ. ಹೃದಯದ ಎಕೋ ಸ್ಕ್ಯಾನ್ ಕೂಡ ಮಾಡುತ್ತಾರೆ. ಡಾಕ್ಟರು ಆಸ್ಪಿರಿನ್ ಬರೆಯಬಹುದು. ನೀವಾಗಿ ಅಂಗಡಿಯಿಂದ ತಂದು ಯಾವ ಮಗುವಿಗೂ ಕೊಡಬೇಡಿ. ತಾಲ್ಲೂಕು ಆಸ್ಪತ್ರೆಯವರು ಚಿತ್ರದುರ್ಗ, ದಾವಣಗೆರೆ ಅಥವಾ ಬಳ್ಳಾರಿಗೆ ಬರೆದುಕೊಟ್ಟರೆ ಶೇಂಗಾ ಕೀಳುವ ಕೆಲಸ, ಮಗ್ಗದ ಕೆಲಸ ಮುಗಿಯಲಿ ಎನ್ನಬೇಡಿ. ಔಷಧ ದುಬಾರಿ. ಬಿ.ಪಿ.ಎಲ್. ಕಾರ್ಡ್, ಆಧಾರ್ ಜೊತೆಗಿಟ್ಟುಕೊಂಡು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲೇ ವಿಚಾರಿಸಿ. ಬಸ್ಸು, ಊಟದ ಖರ್ಚಿಗೆ ಸಂಘದ ಸಾಲ ಅಂದೇ ಸಿಗುವಂತೆ ಪ್ರತಿನಿಧಿಗಳು ನೋಡಿಕೊಳ್ಳಬೇಕು.

ಊರಿಗೆ ಬಂದ ಮೇಲೆ ಡಿಸ್ಚಾರ್ಜ್ ಚೀಟಿಯನ್ನು ಆಶಾ ಕಾರ್ಯಕರ್ತೆಗೆ ತೋರಿಸಿ. ಈ ಔಷಧ ಪಡೆದ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ.